ಬೆಳುವಾಯಿ ಎಂದು ಬರೆಸಿದ ಚೀಟಿ

ಹಸನಬ್ಬ ಚೀಟಿಯಲ್ಲಿ ಊರಿನ ಹೆಸರನ್ನು ತಪ್ಪಾಗಿ ಬರೆದಿರಲಿಲ್ಲ. ಅವರು ಬರೆದದ್ದು ನಾನು ಹೇಳಿದ್ದನ್ನೇ. ನಾನು ಹೇಳಿದ್ದು ಸುಳ್ಳು.

ಇಷ್ಟನ್ನು ಬರೆಯಲು ನನಗೆ ಹತ್ತು ವರ್ಷ ಹಿಡಿಯಿತು. ಇದನ್ನು ಓದುವವರಲ್ಲಿ ಹೆಚ್ಚಿನವರಿಗೆ ಹಸನಬ್ಬ ಯಾರೆಂದು ತಿಳಿದಿರಲಾರದು. ಆ ಕಾಲೇಜಿನಲ್ಲಿ ಆಗ ಇದ್ದವರಿಗೆ ಮಾತ್ರ ಅವರ ಹೆಸರು ನೆನಪಿದ್ದೀತು — ಅದೂ 'ಚೀಟಿ ತಪ್ಪಿ ಬರೆದವನು' ಎಂದು. ಆ ನೆನಪನ್ನು ಅವರೆಲ್ಲರ ತಲೆಯಲ್ಲಿ ಇಟ್ಟದ್ದು ನಾನು.

ಹಸನಬ್ಬ ನಮ್ಮ ಕಾಲೇಜಿನ ಪ್ರಾಣಿಸಂಗ್ರಹದ ಕೋಣೆಯಲ್ಲಿ ಸಹಾಯಕರಾಗಿದ್ದರು. ಮನೆ ಪಾಣೆಮಂಗಳೂರು, ದಿನವೂ ಬೆಳಗಿನ ಬಸ್ಸಿನಲ್ಲಿ ಮಂಗಳೂರಿಗೆ ಬರುತ್ತಿದ್ದರು. ಸತ್ತ ಹಕ್ಕಿ, ಅಳಿಲು, ಇಲಿಗಳ ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಬಾಲಕ್ಕೆ ತಂತಿ ಪೋಣಿಸಿ, ಹೊಲಿಗೆ ಕಾಣದಂತೆ ಹೊಲಿದಿಡುವುದು ಅವರ ಕೆಲಸ. ಅವರು ಓದಿದ್ದು ಎಂಟನೆಯ ತರಗತಿ. ಆದರೆ ಆ ಕೋಣೆಯಲ್ಲಿ ಒಂದು ನಿಯಮವಿತ್ತು, ಅದನ್ನು ಪ್ರೊಫೆಸರರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವರು ಅವರೇ: ಕಾಲಿಗೆ ಚೀಟಿ ಕಟ್ಟುವ ಮೊದಲು ಕತ್ತಿ ಮುಟ್ಟಬಾರದು. ಯಾವ ಊರು, ಯಾವ ದಿನ, ಯಾವ ಮರ, ತಂದವರು ಯಾರು — ಇಷ್ಟನ್ನು ಸಣ್ಣ ಗುಂಡು ಅಕ್ಷರಗಳಲ್ಲಿ ಬರೆದು, ಹಿಂಗಾಲಿಗೆ ನೂಲಿನಿಂದ ಎರಡು ಗಂಟು ಹಾಕಿ, ಆಮೇಲೆಯೇ ಸುಲಿಯಲು ಕೂರುವುದು. "ಚೀಟಿ ಇಲ್ಲದಿದ್ದರೆ ಇದು ಹತ್ತಿ ತುಂಬಿದ ಗೊಂಬೆ, ಟೀಚರೇ," ಎನ್ನುತ್ತಿದ್ದರು. "ಊರು ಗೊತ್ತಿದ್ದರೆ ಮಾತ್ರ ಪ್ರಾಣಿ."

ನಾನು ಬಂಟ್ವಾಳದವಳು. ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿ, ಅದೇ ಕಾಲೇಜಿಗೆ ಕೆಲಸಕ್ಕೆ ಸೇರಿದ್ದೆ. ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ ಅದು. ಇಲ್ಲಿನ ಇಲಿ ಅಳಿಲುಗಳಲ್ಲಿ ಯಾವುದು ಎಲ್ಲಿಂದ ಎಲ್ಲಿಯವರೆಗೆ ವಾಸಿಸುತ್ತದೆ ಎಂದು ಪಟ್ಟಿ ಮಾಡುವ ಯೋಚನೆ ನಮ್ಮ ಪ್ರೊಫೆಸರರದು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆ ನನ್ನ ಪಾಲಿಗೆ ಬಂತು. ಮದುವೆಯಾಗದ ಹುಡುಗಿ ಒಬ್ಬಳೇ ಕಾಡು ಸುತ್ತುವಂತಿರಲಿಲ್ಲ. ನೆಂಟರ ಮನೆ ಇದ್ದಲ್ಲಿಗೆ ಹೋಗಬಹುದಿತ್ತು. ಹಾಗಾಗಿ ನನ್ನ ಶೋಧನೆಯ ನಕ್ಷೆ ಎಂದರೆ ನಮ್ಮ ನೆಂಟರ ಮನೆಗಳ ನಕ್ಷೆಯೇ. ಆ ಬೇಸಗೆಯ ರಜೆಯಲ್ಲಿ ಮೊದಲು ಬೆಳುವಾಯಿಯ ಸೋದರಮಾವನ ಮನೆಯಲ್ಲಿ ಒಂದು ವಾರ, ಆಮೇಲೆ ಲಾಯಿಲದಲ್ಲಿ ಅಕ್ಕನ ಮನೆಯಲ್ಲಿ ಒಂದು ವಾರ ಇದ್ದೆ.

ಅಕ್ಕನಿಗೆ ನಾನೊಂದು ತಮಾಷೆಯಾಗಿದ್ದೆ. "ಎಂ.ಎಸ್ಸಿ. ಓದಿಸಿದ್ದು ಇಲಿ ಹಿಡಿಯಲಿಕ್ಕಾ? ಅದಕ್ಕೆ ನಮ್ಮ ಬೆಕ್ಕು ಸಾಕಿತ್ತು ಮಾರಾಯ್ತಿ!" ಎಂದು ಬಂದವರೆಲ್ಲರ ಎದುರು ಹೇಳಿ ನಗುತ್ತಿದ್ದಳು. ಹಾಗೆ ಕೇಳಿಸಿಕೊಂಡವರಲ್ಲಿ ದೂಮಣ್ಣನೂ ಒಬ್ಬ. ಘಟ್ಟದ ಬುಡದ ಕಾಡಿನಲ್ಲಿ ಬೈನೆ ಮರಗಳಿಗೆ ಮಡಕೆ ಕಟ್ಟಿ ರಸ ಇಳಿಸುವವನು. ಪಾನನಿರೋಧದ ಕಾಲ — ಹಗಲಿನಲ್ಲಿ ಅವನು ಮನೆಮನೆಗೆ ತರುತ್ತಿದ್ದದ್ದು ಬೈನೆಯ ಬೆಲ್ಲ ಮಾತ್ರ. ಉಳಿದ ರಸ ಕಳ್ಳಾಗಿ ಎಲ್ಲಿಗೆ ಹೋಗುತ್ತಿತ್ತೆಂದು ಯಾರೂ ಕೇಳುತ್ತಿರಲಿಲ್ಲ.

ನಾನು ಹೊರಡುವ ದಿನ ಬೆಳಿಗ್ಗೆ ಅವನು ಅಂಗಳಕ್ಕೆ ಬಂದು, ಅಡಿಕೆ ಹಾಳೆಯ ಒಂದು ಪೊಟ್ಟಣವನ್ನು ಜಗಲಿಯ ಮೇಲಿಟ್ಟ.

"ನಿಮ್ಮ ತಂಗಿಗೆ ನೆಂಟ ಬಂದಿದ್ದಾನೆ," ಎಂದ ಅಕ್ಕನಿಗೆ. "ಕುಡಿದು ಸತ್ತವ. ಮಡಕೆಯೊಳಗೆ ತಲೆ ಕೆಳಗಾಗಿ ಬಿದ್ದಿದ್ದ. ಪೊಲೀಸರ ಹೆದರಿಕೆ ಇಲ್ಲದೆ ಕುಡಿಯುವುದು ನಮ್ಮ ಊರಿನಲ್ಲಿ ಇವನೊಬ್ಬನೇ."

ಹಾಳೆ ಬಿಡಿಸಿದೆ. ಕಂದುಗೆಂಪಿನ ಒದ್ದೆ ಬೆನ್ನು, ಬಿಳಿಯ ಹೊಟ್ಟೆ, ತುದಿಯಲ್ಲಿ ಕುಂಚದಂತೆ ಪೊದೆಗಟ್ಟಿದ ಬಾಲ. ಬೆನ್ನ ಮೇಲೆ ಬೆರಳಾಡಿಸಿದಾಗ ಕೂದಲ ನಡುವೆ ಚಪ್ಪಟೆಯಾದ ಮುಳ್ಳುಗಳು ತಾಗಿದವು. ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದ ಪ್ರಾಣಿ. ಅದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಹೆಸರು ನನಗೆ ಸಿಕ್ಕಿಲ್ಲ. ಮರದ ಮುಳ್ಳಿಲಿ ಎಂದು ಕರೆದೆ. ಅದು ನೆಲಕ್ಕೆ ಇಳಿಯುವುದು ಅಪರೂಪ. ಹಗಲೆಲ್ಲ ಮರದ ಪೊಟರೆಯಲ್ಲಿ ಎಲೆ, ಪಾಚಿ ಹಾಸಿಕೊಂಡು ಮಲಗುತ್ತದೆ. ಕತ್ತಲಾದ ಮೇಲೆ ಕೊಂಬೆಯಿಂದ ಕೊಂಬೆಗೆ ಹೋಗಿ ಹಣ್ಣು, ಬೀಜ, ಕಾಳುಮೆಣಸು ತಿನ್ನುತ್ತದೆ. ಬೈನೆಯ ಮಡಕೆ ಕಂಡರೆ ಬಿಡುವುದಿಲ್ಲ. ಕೊಡಗು, ಮಲಬಾರಿನ ಬೆಟ್ಟಗಳ ದಟ್ಟ ಕಾಡಿನ ಪ್ರಾಣಿಯೆಂದು ನಾನು ಓದಿದ್ದೆ. ನಮ್ಮ ತಾಲೂಕುಗಳಿಂದ ಅದನ್ನು ತಂದವರ ಹೆಸರು ನನಗೆ ಗೊತ್ತಿದ್ದ ಯಾವ ಪಟ್ಟಿಯಲ್ಲೂ ಇರಲಿಲ್ಲ.

ನನ್ನ ಸಂತೋಷ ಮುಖದಲ್ಲಿ ಕಂಡಿರಬೇಕು. ದೂಮಣ್ಣ ನಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಒಂದು ಮಾತು ಉಂಟು ಅಕ್ಕ. ಮರ ಎಲ್ಲಿ ಅಂತ ಬರೆಯಬೇಡಿ. ನೀವು ಇಂಗ್ಲಿಷಿನಲ್ಲಿ ಬರೆದರೂ ಪೊಲೀಸರಿಗೆ ಓದಲಿಕ್ಕೆ ಬರ್ತದೆ."

"ಬರೆಯುವುದಿಲ್ಲ, ದೂಮಣ್ಣ," ಎಂದೆ.

ಆ ಮಾತನ್ನು ಉಳಿಸಿಕೊಳ್ಳುವುದು ಕಷ್ಟವೇನೂ ಆಗಿರಲಿಲ್ಲ. 'ಬೆಳ್ತಂಗಡಿ ತಾಲೂಕು, ಘಟ್ಟದ ತಪ್ಪಲು' ಎಂದಿದ್ದರೆ ಸಾಕಿತ್ತು. ಅಷ್ಟು ದೊಡ್ಡ ತಪ್ಪಲಿನಲ್ಲಿ ಒಬ್ಬನ ಮಡಕೆಯನ್ನು ಯಾರು ಹುಡುಕಿಯಾರು? ಪ್ರೊಫೆಸರರ ಕಿವಿಯಲ್ಲಿ ನಿಜ ಹೇಳಿ, ಚೀಟಿಯಲ್ಲಿ ಊರು ಬಿಡಬಹುದಿತ್ತು. ಹೀಗೆ ಎಷ್ಟೋ ದಾರಿಗಳಿದ್ದವು. ಅವು ನನಗೆ ಆಮೇಲೆ ಹೊಳೆದವು ಎಂದು ಬರೆದರೆ ಅದೂ ಸುಳ್ಳಾದೀತು — ಆಗಲೇ ಹೊಳೆದಿದ್ದವು. ಬಸ್ಸಿನಲ್ಲಿ, ತೊಡೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಡಬ್ಬಿ ಇಟ್ಟುಕೊಂಡು ಕೂತಿದ್ದಾಗ, ಒಂದೊಂದನ್ನೇ ನೋಡಿ ಬದಿಗಿಟ್ಟೆ. ಘಟ್ಟದ ತಪ್ಪಲಿನಲ್ಲಿ ಘಟ್ಟದ ಪ್ರಾಣಿ ಸಿಕ್ಕಿದರೆ ಅದೊಂದು ಒಳ್ಳೆಯ ಸುದ್ದಿ, ಅಷ್ಟೆ. ಆದರೆ ಗದ್ದೆ ಬಯಲಿನ ಬೆಳುವಾಯಿಯಲ್ಲಿ ಸಿಕ್ಕಿದರೆ? ಆಗ ಪುಸ್ತಕಗಳನ್ನೇ ತಿದ್ದಬೇಕು. ತಿದ್ದಿದವಳ ಹೆಸರು ಉಳಿಯುತ್ತದೆ.

ಬಂಟ್ವಾಳ ದಾಟುವಾಗ ನಾನು ತೀರ್ಮಾನಿಸಿಯಾಗಿತ್ತು. ದೂಮಣ್ಣನಿಗೆ ಕೊಟ್ಟ ಮಾತಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನು ಎಷ್ಟು ಚೆನ್ನಾಗಿ ಹೇಳಿಕೊಂಡೆನೆಂದರೆ —

ಇರಲಿ.

ಆ ಮಧ್ಯಾಹ್ನ ಹಸನಬ್ಬನ ಮೇಜಿನ ಮೇಲೆ ನಾಲ್ಕು ಪ್ರಾಣಿಗಳನ್ನಿಟ್ಟೆ. ಬೆಳುವಾಯಿಯಲ್ಲಿ ಹಿಡಿದು ಬಾಟಲಿಯಲ್ಲಿ ಕೆಡದಂತೆ ಇಟ್ಟಿದ್ದ ಎರಡು ಮನೆಯಿಲಿಗಳು, ಲಾಯಿಲದ ಒಂದು ಅಳಿಲು, ಮತ್ತು ಇದು. ಕೋಣೆಯಲ್ಲಿ ನಾವಿಬ್ಬರೇ. ಅವರು ಇಲಿಗಳ ಚೀಟಿ ಬರೆದು ಮುಗಿಸಿ, ಮೂರನೆಯದಾಗಿ ಮುಳ್ಳಿಲಿಯನ್ನು ಕೈಗೆತ್ತಿಕೊಂಡರು. ತುಂಬ ಹೊತ್ತು ಅಂಗೈಯಲ್ಲಿ ಹಿಡಿದು ನೋಡಿದರು. "ಏನು ಚೆಂದ! ಇದನ್ನು ಹಾಳು ಮಾಡಿದರೆ ನನ್ನ ಕೈಗೆ ಪಾಪ ಬಂದೀತು," ಎಂದರು. ಆಮೇಲೆ ಲೇಖನಿ ತೆಗೆದು, "ಊರು?"

"ಬೆಳುವಾಯಿ."

"ಮರ?"

"ಹಲಸು. ಪೊಟರೆಯಲ್ಲಿತ್ತು."

ಎರಡು ಗಂಟು ಹಾಕಿದರು. ಕತ್ತಿ ಎತ್ತಿದವರು ಮೂಗು ಹತ್ತಿರ ತಂದು, "ಒಂಥರಾ ಹುಳಿ ವಾಸನೆ ಉಂಟಲ್ಲ ಟೀಚರೇ?" ಎಂದರು.

"ಹಲಸಿನ ಹಣ್ಣು ತಿಂದಿರಬೇಕು," ಎಂದೆ.

ಅವರಿಗೆ ಅಷ್ಟು ಸಾಕಾಯಿತು. ನಾನು ಓದಿದವಳು, ನಾನು ಹೇಳಿದ ಮೇಲೆ ಅದು ಹಲಸಿನ ಹಣ್ಣೇ. ಆ ವಾಕ್ಯವನ್ನೂ ಆಮೇಲೆ ಬರೆದ ಲೇಖನದಲ್ಲಿ ಸೇರಿಸಿದೆ — ಈ ಪ್ರಾಣಿಯ ಆಹಾರದಲ್ಲಿ ಹಲಸೂ ಸೇರಿದೆ ಎಂದು. ಅದು ನಿಜವೇ ಇದ್ದೀತು. ಆದರೆ ನಾನು ಕಂಡದ್ದಲ್ಲ.

ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಮರದ ಮುಳ್ಳಿಲಿ ಘಟ್ಟದಿಂದ ಇಳಿದು ಕರಾವಳಿಯ ಬಯಲಿನಲ್ಲೂ ವಾಸಿಸುತ್ತಿದೆ ಎಂದು, ನಕ್ಷೆಯಲ್ಲಿ ಒಂದು ಕಪ್ಪು ಚುಕ್ಕೆಯೊಂದಿಗೆ. ಅಪ್ಪ ಅದನ್ನು ಚಾವಡಿಯಲ್ಲಿ ಬಂದವರಿಗೆಲ್ಲ ತೋರಿಸಿದರು. ಪ್ರೊಫೆಸರರು ಎರಡು ಸಲ ನನ್ನ ಹೆಸರು ಹಿಡಿದು ಹೊಗಳಿದರು. ಹಸನಬ್ಬ ಹುಡುಗರನ್ನೆಲ್ಲ ಕರೆದು ಕಪಾಟಿನ ಎದುರು ನಿಲ್ಲಿಸಿ, "ನಮ್ಮ ಟೀಚರ್ ತಂದದ್ದು. ತುಂಬಿದ್ದು ನಾನು!" ಎನ್ನುತ್ತಿದ್ದರು.

ಮರುವರ್ಷ ಮದರಾಸಿನಿಂದ ಒಬ್ಬ ಹಿರಿಯ ಪ್ರಾಣಿಶಾಸ್ತ್ರಜ್ಞರು ಬಂದರು. ಅವರಿಗೆ ನಂಬಿಕೆ ಬಂದಿರಲಿಲ್ಲ, ಬೆಳುವಾಯಿಯನ್ನೇ ನೋಡಬೇಕೆಂದರು. ಪ್ರೊಫೆಸರರೊಂದಿಗೆ ಅವರು ಮೂರು ದಿನ ನನ್ನ ಮಾವನ ಮನೆಯಲ್ಲಿ ಉಳಿದರು. ಮಾವನಿಗೆ ಅದೊಂದು ಹಬ್ಬ. "ಇಲಿ ನೋಡಲಿಕ್ಕೆ ಮದ್ರಾಸಿನಿಂದ ಬಂದದ್ದಾ? ಒಂದು ಕಾರ್ಡ್ ಹಾಕಿದ್ದರೆ ಬುಟ್ಟಿ ತುಂಬ ಕಳಿಸ್ತಿದ್ದೆ ಮಾರಾಯ್ರೆ!" ಎನ್ನುತ್ತ ಎಲೆಗೆ ಮತ್ತೆ ಮತ್ತೆ ಬಡಿಸಿದ. ಹಲಸಿನ ಮರಗಳಿಗೆಲ್ಲ ಬೋನು ಕಟ್ಟಿಸಿದ. ಬಿದ್ದದ್ದು ಮನೆಯಿಲಿ, ಅಳಿಲು. ಮೂರನೆಯ ದಿನ ಆ ಹಿರಿಯರು ಗದ್ದೆಯ ಬದುವಿನಲ್ಲಿ ನಿಂತು ಸುತ್ತ ನೋಡಿ ಹೀಗೆಂದರಂತೆ: ಅದು ಕೊಂಬೆಯಿಂದ ಕೊಂಬೆಗೆ ದಾಟಿ ಬದುಕುವ ಪ್ರಾಣಿ, ಇಲ್ಲಿ ಒಂದು ಮರಕ್ಕೂ ಇನ್ನೊಂದು ಮರಕ್ಕೂ ನಡುವೆ ಗದ್ದೆ. ಅದು ಹೇಗೆ ಬಂತು, ಈಜಿಕೊಂಡೇ?

ಅವರು ಹಿಂತಿರುಗಿದ ಮೇಲೆ ಎಲ್ಲರೂ ಸಂಗ್ರಹದ ಕೋಣೆಯಲ್ಲಿ ಸೇರಿದೆವು. ಪ್ರೊಫೆಸರರು, ಮದರಾಸಿನವರು, ನನ್ನ ಇಬ್ಬರು ಸಹೋದ್ಯೋಗಿಗಳು, ಹಸನಬ್ಬ, ನಾನು. ಮೇಜಿನ ಮೇಲೆ ಆ ದಿನದ ನಾಲ್ಕೂ ಪ್ರಾಣಿಗಳು, ಅವುಗಳ ಕಾಲಿನ ಚೀಟಿಗಳು. ಪ್ರೊಫೆಸರರು ನಿಧಾನಿಗಳು, ಕೆಟ್ಟವರಲ್ಲ. ನನ್ನ ಮೇಲೆ ಅವರಿಗೆ ಸಂಶಯವೇ ಬರಲಿಲ್ಲ — ಬರಬಹುದಿತ್ತೆಂದು ಎಷ್ಟು ಸಲ ಹಾರೈಸಿದ್ದೇನೆ!

"ನೀವು ಎರಡೂ ಊರುಗಳಿಂದ ತಂದಿದ್ದಿರಿ," ಎಂದರು ನನಗೆ. "ಎರಡು ಚೀಟಿಗೆ ಬೆಳುವಾಯಿ ಎಂದು ಬರೆದ ಕೈ ಮೂರನೆಯದಕ್ಕೂ ಅದನ್ನೇ ಬರೆದಿರಬಹುದು. ಇದು ಲಾಯಿಲದ ಕಡೆಯದೇ ಇರಬೇಕು. ಹಲಸಿನ ಮರ ಅಲ್ಲಿಯೂ ಇದೆ, ವರ್ಷದ ಹಿಂದಿನದು ನಿಮಗೂ ಬೆರೆತುಹೋಗಿರಬಹುದು. ನೀವು ಲೇಖನದಲ್ಲಿ ಊರಿನ ಹೆಸರನ್ನು ಹೇಗೆ ಬರೆದಿರಿ?"

"ಚೀಟಿ ನೋಡಿ ಬರೆದೆ, ಸರ್."

ಅದು ಅಕ್ಷರಶಃ ಸತ್ಯ. ಬರೆಯುವಾಗ ಚೀಟಿ ನನ್ನ ಎದುರಿಗೇ ಇತ್ತು.

ಎಲ್ಲರೂ ಹಸನಬ್ಬನ ಕಡೆ ನೋಡಿದರು. ಅವರು ಚೀಟಿಯನ್ನು ಮುಟ್ಟದೆ, ಬಗ್ಗಿ, ತಮ್ಮದೇ ಅಕ್ಷರವನ್ನು ಓದಿದರು. "ನನ್ನ ಕೈಯಲ್ಲಿ ಹಾಗೆ ಆಗುವುದಿಲ್ಲ ಸಾರ್. ಕೇಳಿಯೇ ಬರೆಯುವುದು ನಾನು." ಮತ್ತೆ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನನ್ನು ಸಿಕ್ಕಿಸಲು ಅಲ್ಲ, ಸಾಕ್ಷಿಗೆ ಕರೆಯಲೂ ಅಲ್ಲ — ಗೊತ್ತಿದ್ದವರನ್ನು ಕೇಳುವಂತೆ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು:

"ಹಾಗೆ ಆಗಿರಬಹುದಾ, ಟೀಚರೇ?"

"ಆಗಿರಬಹುದು," ಎಂದೆ.

ಒಂದೇ ಶಬ್ದ. ಆರೋಪವಲ್ಲ, ನಮ್ಮ ಶಾಸ್ತ್ರದಲ್ಲಿ ನಾವು ದಿನವೂ ಬಳಸುವ ಎಚ್ಚರಿಕೆಯ ಮಾತು. ಇದು ಈ ಜಾತಿಗೆ ಸೇರಿರಬಹುದು, ಅದು ಅಲ್ಲಿಂದ ಬಂದಿರಬಹುದು. ಆ ಎಚ್ಚರಿಕೆಯ ಹಿಂದೆ ಅಡಗಿಕೊಂಡು ನಾನು ಒಬ್ಬ ಮನುಷ್ಯನನ್ನು ಮುಗಿಸಿದೆ. ಹಸನಬ್ಬ ತಲೆಯಾಡಿಸಿದರು. "ಆ ವಾರ ಮನೆಯಲ್ಲಿ ಹೆಂಡತಿಗೆ ಜ್ವರ ಇತ್ತು. ಮನಸ್ಸು ಅಲ್ಲಿತ್ತೋ ಏನೋ," ಎಂದರು. ನಾನು ಕೊಡದೆ ಉಳಿಸಿದ್ದ ಕಾರಣವನ್ನೂ ಅವರೇ ಹುಡುಕಿ ಕೊಟ್ಟರು.

ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಬಂತು: ಚೀಟಿಯ ದೋಷದಿಂದ ಊರಿನ ಹೆಸರು ತಪ್ಪಾಗಿದೆ, ಲಾಯಿಲದ ಆಚೆಯ ತಪ್ಪಲು ಎಂದು ಓದಿಕೊಳ್ಳಬೇಕು. ವಿಚಿತ್ರ ನೋಡಿ — ಅದು ಸರಿಯಾದ ಊರು. ಚುಕ್ಕೆ ತನ್ನ ಜಾಗಕ್ಕೆ ಹೋಯಿತು. ಪ್ರಾಣಿಯ ವಿಷಯದಲ್ಲಿ ಈಗ ಯಾವ ತಪ್ಪೂ ಉಳಿದಿರಲಿಲ್ಲ. ಅಂದಮೇಲೆ ಇನ್ನು ಬಾಯಿ ಬಿಡುವುದೇಕೆ ಎಂದು ನಾನು ಯೋಚಿಸಿದೆ. ಹಾಗೆಯೇ ಯೋಚಿಸಿದೆ; ಮುಚ್ಚಿಡುವುದಿಲ್ಲ.

ಆದರೆ ಒಂದು ಚೀಟಿ ತಪ್ಪಿದರೆ ಉಳಿದವುಗಳನ್ನು ನಂಬುವುದು ಹೇಗೆ? ಪ್ರೊಫೆಸರರು ಕಪಾಟುಗಳನ್ನು ತೆರೆಸಿ, ಹಸನಬ್ಬನ ಅಕ್ಷರವಿದ್ದ ಪ್ರತಿ ಚೀಟಿಯ ಮೂಲೆಯಲ್ಲೂ ಕೆಂಪು ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಿಸಿದರು. ಆ ಕೆಲಸ ಎಂಟು ದಿನ ನಡೆಯಿತು. ಸೆಳೆಖಾನೆಗಳನ್ನು ಎಳೆದು ಕೊಟ್ಟವರು ಹಸನಬ್ಬನೇ. ಮೊದಮೊದಲು ಪ್ರತಿಯೊಂದನ್ನೂ ನೋಡಿ, ಇದು ಇಂಥವರು ತಂದದ್ದು, ಇಂಥ ಊರು, ನನಗೆ ಸರಿಯಾಗಿ ನೆನಪುಂಟು ಎನ್ನುತ್ತಿದ್ದರು. ಮೂರನೆಯ ದಿನದ ಹೊತ್ತಿಗೆ ಹೇಳುವುದನ್ನು ನಿಲ್ಲಿಸಿದರು. ಅವರ ಎಷ್ಟೋ ವರ್ಷಗಳ ಮಿಂಚುಳ್ಳಿ, ಬಾವಲಿ, ಮುಂಗುಸಿಗಳೆಲ್ಲ ಒಂದೊಂದಾಗಿ ಸಂಶಯದ ಪಾಲಾದವು. ಗುರುತು ಹಾಕುತ್ತಿದ್ದವರಲ್ಲಿ ನಾನೂ ಇದ್ದೆ. ನನ್ನ ಗುರುತುಗಳು ಅಂದವಾಗಿದ್ದವು.

ಆಮೇಲೆ ಚೀಟಿ ಬರೆಯುವ ಕೆಲಸ ನನಗೆ ಬಂತು. ಅವರಿಗೆ ಬಾಟಲಿ ತೊಳೆಯುವ ಕೆಲಸ. ವರ್ಷ ತುಂಬುವ ಮೊದಲೇ ಅವರು ಬಿಟ್ಟು ಹೋದರು, ಯಾರೂ ಹೋಗೆಂದಿರಲಿಲ್ಲ.

ದೂಮಣ್ಣನ ನೆಪ ನನ್ನಲ್ಲಿ ಬಹಳ ಕಾಲ ಬದುಕಿತ್ತು. ನಾನು ಬಾಯಿ ಬಿಟ್ಟರೆ ಅವನು ಜೈಲಿಗೆ ಹೋಗುತ್ತಾನೆ, ಇಬ್ಬರಲ್ಲಿ ಒಬ್ಬರಿಗೆ ನೋವಾಗಲೇಬೇಕು — ಹೀಗೆ ತೂಗುತ್ತಿದ್ದೆ. ಈಗ ಪಾನನಿರೋಧವನ್ನು ತೆಗೆದಿದ್ದಾರೆ. ಹೋದ ಬೇಸಗೆಯಲ್ಲಿ ಅಕ್ಕನ ಮನೆಯ ಜಗಲಿಯಲ್ಲಿ ಕೂತು ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ನನ್ನ ತಪ್ಪಿನಲ್ಲಿ ಅವನೂ ಒಂದು ಪಾಲು ಹೊರಲಿ ಎಂಬ ಆಸೆ ಒಳಗೆಲ್ಲೋ ಇದ್ದಿರಬೇಕು.  ಅವನು ಎಲೆಯಡಿಕೆ ಉಗುಳಿ ಬಂದು ಹೇಳಿದ:

"ಮರ ಎಲ್ಲಿ ಅಂತ ಬರೆಯಬೇಡಿ ಅಂದದ್ದು ನಾನು. ಹೌದು. ಬೇರೆ ಊರು ಹಾಕಿ ಅಂತ ಅಂದೆನಾ ಅಕ್ಕ? ಸುಮ್ಮನೆ ಕೂತಿದ್ದರೆ ಆಗ್ತಿತ್ತು. ನನ್ನ ಮಡಕೆ ಉಳಿಯಲಿಕ್ಕೆ ಆ ಬ್ಯಾರಿ ಹಸನಬ್ಬನ ಅನ್ನ ಯಾಕೆ ಚೆಲ್ಲಿದಿರಿ?"

 

ಆ ವಾರವೇ ಪಾಣೆಮಂಗಳೂರಿಗೆ ಹೋದೆ. ಹಸನಬ್ಬ ಪೇಟೆಯ ಕೊನೆಯಲ್ಲಿ ಹಾಸಿಗೆಯ ಅಂಗಡಿ ಇಟ್ಟುಕೊಂಡಿದ್ದಾರೆಂದು ಕೇಳಿದ್ದೆ. ಗಡ್ಡ ಬೆಳ್ಳಗಾಗಿತ್ತು, ಅದರ ಮೇಲೆ ಬೂರುಗದ ಹತ್ತಿಯ ಎಳೆಗಳು ಕೂತು ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು. ನನ್ನನ್ನು ಕಂಡೊಡನೆ ಎದ್ದು ನಿಂತರು.

"ಯಾ ಅಲ್ಲಾ, ಇಲಿ ಟೀಚರ್! ಬನ್ನಿ, ಬನ್ನಿ. ಕೂತುಕೊಳ್ಳಿ." ಸ್ಟೂಲಿನ ಹತ್ತಿಯನ್ನು ಕೈಯಿಂದಲೇ ಒರೆಸಿದರು. "ನೋಡಿ, ಆಗ ಇಲಿಯ ಹೊಟ್ಟೆಗೆ, ಈಗ ದಿಂಬಿನ ಹೊಟ್ಟೆಗೆ. ಕೈಗೆ ಗೊತ್ತಿರುವುದು ಹತ್ತಿ ತುಂಬುವುದು ಒಂದೇ. ದಿಂಬಿನಲ್ಲಿ ಒಂದು ಸುಖ ಉಂಟು, ಊರು ಕೇಳುವವರಿಲ್ಲ!"

ನಗಲು ಪ್ರಯತ್ನಿಸಿದೆ. ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯ ನಾಲಗೆಯ ತುದಿಯಲ್ಲಿತ್ತು. 'ಹಸನಬ್ಬ, ಅಂದು ನಾನು —' ಎಂದು ತೊಡಗಬೇಕು, ಅಷ್ಟೆ. ಆದರೆ ಅವರೇ ಮೊದಲು ಮಾತಾಡಿದರು. ಹತ್ತಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ, ತಲೆ ತಗ್ಗಿಸಿ.

"ಟೀಚರೇ, ಒಂದು ಮಾತು ನಿಮ್ಮಲ್ಲಿ ಹೇಳಬೇಕು ಅಂತ ಎಷ್ಟೋ ವರ್ಷದಿಂದ ಇತ್ತು. ಅಲ್ಲಿ ಬಂದು ಹೇಳುವ ಮುಖ ಇರಲಿಲ್ಲ. ಅಷ್ಟು ದೊಡ್ಡ ಹೆಸರು ಬರುವುದಿತ್ತು ನಿಮಗೆ. ನನ್ನ ಕೈತಪ್ಪಿನಿಂದ ಹಾಳಾಯಿತು. ನನ್ನ ಮಕ್ಕಳು ಬರೆಯಲಿಕ್ಕೆ ಕೂತರೆ ನಾನು ಹೇಳುವುದುಂಟು — ಎರಡೆರಡು ಸಲ ನೋಡಿ ಬರೆಯಿರಿ, ನಿಮ್ಮ ಬಾಪನ ಹಾಗೆ ಮಾಡಬೇಡಿ ಅಂತ. ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಮಾಫ್ ಮಾಡಿ."

ಓದುಗರೇ, ಆ ಕ್ಷಣದಲ್ಲಿ ನಾನೇನು ಮಾಡಿದೆನೆಂದು ತಿಳಿಸಲೆಂದೇ ಇಷ್ಟೆಲ್ಲ ಬರೆದೆ. ಬೆಳುವಾಯಿ ಎಂದು ಹೇಳಿದಾಗ ನನಗೆ ಇಪ್ಪತ್ತಮೂರು ವರ್ಷ. 'ಆಗಿರಬಹುದು' ಎಂದಾಗ ಹೆದರಿದ್ದೆ. ಆದರೆ ಆ ಅಂಗಡಿಯಲ್ಲಿ ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಕಾಲೇಜು ಬಿಟ್ಟಾಗಿತ್ತು, ಕಳೆದುಕೊಳ್ಳಲು ಏನೂ ಇರಲಿಲ್ಲ. ಹೇಳಲೆಂದೇ ಬಂದಿದ್ದೆ.

"ಪರವಾಗಿಲ್ಲ ಹಸನಬ್ಬ," ಎಂದೆ. "ಎಲ್ಲರಿಂದಲೂ ಆಗುತ್ತದೆ."

ನಾನು ಅವರನ್ನು ಕ್ಷಮಿಸಿದೆ!

ಅವರ ಮುಖ ಹಗುರವಾಯಿತು. ಕಣ್ಣೊರೆಸಿಕೊಂಡು, ಎದುರಿನ ಅಂಗಡಿಯಿಂದ ಚಹಾ ತರಿಸಿದರು. ನಾನು ಅದನ್ನು ಕುಡಿದೆ. ಅವರು ಮಕ್ಕಳ ಸುದ್ದಿ ಹೇಳಿದರು, ನಾನು ಕೇಳಿದೆ. ಬಸ್ಸು ಬರುವವರೆಗೆ ಜೊತೆಗೆ ನಿಂತು, ನನ್ನನ್ನು ಹತ್ತಿಸಿ ಹೋದರು. ಬಸ್ಸು ಸೇತುವೆಯ ಮೇಲೆ ಬಂದಾಗ ಇಳಿದು ಹಿಂದಕ್ಕೆ ನಡೆಯಬಹುದಿತ್ತು. ಇಳಿಯಲಿಲ್ಲ.

ಅಂದಿನಿಂದ ನನಗೆ ತಿಳಿದದ್ದು ಇಷ್ಟು: ಕೆಲಸ ಹೋದದ್ದು ಅವರಿಗಾದ ನಷ್ಟದಲ್ಲಿ ಚಿಕ್ಕದು. ತಪ್ಪದ ಕೈ ತನ್ನದೆಂಬ ತಿಳಿವಳಿಕೆ ಅವರಲ್ಲಿತ್ತು. ಅದನ್ನು ನಾನು ತೆಗೆದುಕೊಂಡೆ. ಅವರು ತಿರುಗಿ ಕೇಳದಿರುವಂತೆ, ಕಳೆದುಕೊಂಡದ್ದಕ್ಕೆ ಅವರೇ ನನ್ನ ಕ್ಷಮೆ ಬೇಡುವಂತೆ, ಅಷ್ಟು ನಾಜೂಕಾಗಿ ತೆಗೆದುಕೊಂಡೆ.

ನಿವೃತ್ತರಾದ ಪ್ರೊಫೆಸರರಿಗೆ ನಿನ್ನೆ ಪತ್ರ ಹಾಕಿದ್ದೇನೆ. ಈಗ ಕಾಲೇಜಿನಲ್ಲಿರುವವರಿಗೂ ಬರೆದಿದ್ದೇನೆ. ಈ ಬರಹವನ್ನು ಮಾತ್ರ ಇನ್ನೂ ಯಾರಿಗೂ ಕಳಿಸಿಲ್ಲ. ಶುಕ್ರವಾರ ಹಸನಬ್ಬನ ಅಂಗಡಿ ಮುಚ್ಚಿರುತ್ತದೆ. ನಮಾಜು ಮುಗಿಸಿ ಅವರು ಮನೆಯಲ್ಲಿರುತ್ತಾರೆ. ಹೆಂಡತಿ, ಮಕ್ಕಳೂ ಇರುತ್ತಾರೆ. ಅಲ್ಲಿಗೆ ಹೋಗಿ ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತೇನೆ. ಅವರನ್ನು ಹೊರಗೆ ಕರೆದು, ಒಬ್ಬರಿಗೇ, ಮೆಲ್ಲಗೆ ಹೇಳುವುದಲ್ಲ — ಮಕ್ಕಳಿಗೂ ಕೇಳುವಂತೆ.